ಸಾಕುಪ್ರಾಣಿಗಳ ಚಿತ್ರ ಬರೆದು ಬದುಕುವವರು ಸ್ಟಿಲ್ ಲೈಫ್ ಬಿಟ್ಟುಬಿಡಬಹುದಾ?

ತುಂಗೆದಂಡೆ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಜನರ ಮನೆಯ ನಾಯಿ, ಬೆಕ್ಕುಗಳ ಚಿತ್ರ ಬರೆದುಕೊಡುವುದೇ ನನ್ನ ಕಸುಬು. ಎಣ್ಣೆಬಣ್ಣ ಜಾಸ್ತಿ, ಕೆಲವೊಮ್ಮೆ ಪೇಸ್ಟಲ್. ಒಬ್ಬರ ಮನೆ ಗೋಡೆಯ ಮೇಲೆ ನೋಡಿದವರು ಇನ್ನೊಬ್ಬರಿಗೆ ಹೇಳುತ್ತಾರೆ, ವಾಟ್ಸಾಪ್‌ನಲ್ಲಿ ಫೋಟೋ ಬರುತ್ತದೆ, ಹೀಗೆ ನಡೆಯುತ್ತಿದೆ. ಬಾಡಿಗೆಗೆ, ಊಟಕ್ಕೆ ತೊಂದರೆಯಿಲ್ಲ.

ಮೊದಲು ಬೆಳಗಿನ ಹೊತ್ತು ಸ್ಟಿಲ್ ಲೈಫ್, ಅಂದರೆ ಎದುರಿಗಿಟ್ಟ ವಸ್ತುಗಳ ಚಿತ್ರ, ಮಾಡುತ್ತಿದ್ದೆ. ತಾಮ್ರದ ಚೊಂಬು, ಹಣ್ಣು, ಅಜ್ಜಿಯ ಎಲೆಅಡಿಕೆ ತಟ್ಟೆ, ಹೀಗೆ ಏನಾದರೂ ಇಟ್ಟುಕೊಂಡು. ಅವು ಮಾರಾಟವಾಗುವುದಿಲ್ಲ. ಆರ್ಡರ್ ಸಾಲಾಗಿ ಕಾಯುತ್ತಿರುವಾಗ ಚೊಂಬಿನ ಮುಂದೆ ಕೂತರೆ ಹೊತ್ತು ಹಾಳು ಅಂತ ಮನೆಯವರೂ ಹೇಳುತ್ತಾರೆ. ಬಿಟ್ಟುಬಿಡಲಾ?

ಇನ್ನೊಂದು ಕೇಳಬೇಕು. ಈಗ ಕೈಯಲ್ಲಿ ಒಂದು ಕಪ್ಪು ಲ್ಯಾಬ್ರಡಾರ್, ಒಂದು ಬಿಳಿ ಪೊಮೇರಿಯನ್ ಇವೆ. ಕಪ್ಪಿನಲ್ಲಿ ಉಬ್ಬುತಗ್ಗು ತೋರಿಸುವುದು ಹೇಗೆ, ಬಿಳಿಯಲ್ಲಿ ಹೇಗೆ? ಜೊತೆಗೆ ಓದಿದ ಗೆಳೆಯರು "ನಾಯಿ ಚಿತ್ರ ಸಾಕು, ನಿನ್ನ ನಿಜವಾದ ಕೆಲಸ ಯಾವಾಗ ಶುರು?" ಅಂತ ಕೇಳುತ್ತಲೇ ಇರುತ್ತಾರೆ. ಅದಕ್ಕೂ ಯಾರಾದರೂ ಉತ್ತರ ಕೊಟ್ಟರೆ ಸಂತೋಷ.

ಬಣ್ಣದಪೆಟ್ಟಿಗೆ (ಮೈಸೂರು)

ದಯವಿಟ್ಟು ಬಿಡಬೇಡಿ. ನಾನೂ ಇದೇ ಕಸುಬಿನವಳು. ನನ್ನ ಅನ್ನ ಬರುವುದು ನಾಯಿ ಬೆಕ್ಕುಗಳಿಂದ. ಅವನ್ನು ಬರೆಯುವ ಕಣ್ಣು ಬಂದದ್ದು ಮಾತ್ರ ಮೇಜಿನ ಮೇಲಿಟ್ಟ ಬಾಳೆಹಣ್ಣು, ಪಾತ್ರೆಗಳಿಂದ.

ಯಾಕೆ ಅಂತ ಹೇಳುತ್ತೇನೆ. ಆರ್ಡರ್ ಕೆಲಸದಲ್ಲಿ ನಾವು ನೋಡುವುದು ಫೋಟೋವನ್ನು, ಅದೂ ಫೋನಿನ ಫೋಟೋವನ್ನು. ಅಲ್ಲಿ ನೆರಳೆಲ್ಲ ಕಪ್ಪಾಗಿ ಮುಚ್ಚಿಹೋಗಿರುತ್ತದೆ. ಬೆಳಕು ಬಿದ್ದ ಜಾಗ ಸುಟ್ಟು ಬೆಳ್ಳಗಾಗಿರುತ್ತದೆ. ಹತ್ತಿರದಿಂದ ತೆಗೆದಿದ್ದರೆ ಮೂತಿ ದೊಡ್ಡದು, ಕಿವಿ ಸಣ್ಣದು. ಬರೀ ಫೋಟೋ ನೋಡಿ ಬರೆಯುತ್ತಾ ಹೋದರೆ ಕಣ್ಣು ಅದನ್ನೇ ನಿಜ ಅಂತ ನಂಬಿಬಿಡುತ್ತದೆ. ನೆರಳಿನೊಳಗೆ ಬಣ್ಣ ಇದೆ ಅನ್ನುವುದೇ ಮರೆತುಹೋಗುತ್ತದೆ. ಎದುರಿಗಿರುವ ಚೊಂಬು ಹಾಗೆ ಮರೆಯಲು ಬಿಡುವುದಿಲ್ಲ. ಅದರ ನೆರಳಿನ ಬದಿಯಲ್ಲಿ ಮೇಜಿನ ಬಟ್ಟೆಯ ಬಣ್ಣ ಬಂದು ಕೂತಿರುತ್ತದೆ. ಅದನ್ನು ಕಣ್ಣಾರೆ ಕಂಡವರಿಗೆ, ಫೋಟೋದಲ್ಲಿ ಮುಚ್ಚಿಹೋದ ನಾಯಿಯ ಗಂಟಲಿನ ಕೆಳಗೂ ನೆಲದ ಕೆಂಪು ಇರಲೇಬೇಕು ಅಂತ ಗೊತ್ತಾಗುತ್ತದೆ.

ನಿಮ್ಮ ಕಪ್ಪು ಲ್ಯಾಬ್ರಡಾರ್‌ಗೆ ಟ್ಯೂಬಿನ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಕಂದು ಸೇರಿಸಿ. ನೀಲಿ ಜಾಸ್ತಿಯಾದರೆ ತಂಪು ಕಪ್ಪು, ಅಂಬರ್ ಜಾಸ್ತಿಯಾದರೆ ಬಿಸಿ ಕಪ್ಪು. ಹೊರಗೆ ನಿಂತ ನಾಯಿಯಾದರೆ ಬೆನ್ನು, ತಲೆಯ ಮೇಲ್ಭಾಗ ಆಕಾಶದ ನೀಲಿ ಹಿಡಿಯುತ್ತದೆ. ಹೊಟ್ಟೆಯ ಕಡೆಗೆ ನೆಲದ ಬಣ್ಣ ಬರುತ್ತದೆ. ಕೂದಲು ತೆಳುವಾಗಿರುವಲ್ಲಿ, ಕಿವಿಯ ಅಂಚಿನಲ್ಲಿ, ಬಿಸಿಲಿಗೆ ಕಂದು ಕಾಣುತ್ತದೆ. ಹೊಳಪನ್ನು ಕೂದಲು ಹೋಗುವ ದಿಕ್ಕಿಗೇ ಎಳೆಯಿರಿ. ಒಂದೊಂದೇ ಕೂದಲು ಬರೆಯಲು ಮೊದಲೇ ಹೋಗಬೇಡಿ. ಎಲುಬು, ಮಾಂಸ ಎಲ್ಲಿ ತಿರುಗುತ್ತದೆ ಅನ್ನುವುದು ಕೂತ ಮೇಲೆ ಕೊನೆಗೆ ನಾಲ್ಕು ಕೂದಲು ಸಾಕು.

ಡ್ರಾಯಿಂಗ್‌ಮೇಷ್ಟ್ರು (ಧಾರವಾಡ)

ಬಿಳಿ ನಾಯಿಯ ಪ್ರಶ್ನೆಗೆ ನಾನು ಹೇಳುತ್ತೇನೆ. ಇದಕ್ಕೆ ಬಹಳ ಚೆಂದದ ಒಂದು ಕಥೆ ಇದೆ, ನಡೆದದ್ದು.

ಫ್ರಾನ್ಸಿನಲ್ಲಿ ಝಾಂ ಬ್ಯಾಪ್ಟಿಸ್ಟ್ ಊದ್ರಿ ಅಂತ ಒಬ್ಬ ಕಲಾವಿದ ಇದ್ದ. 1686ರಲ್ಲಿ ಹುಟ್ಟಿ 1755ರಲ್ಲಿ ತೀರಿಕೊಂಡವನು. 15ನೇ ಲೂಯಿ ದೊರೆಯ ಬೇಟೆನಾಯಿಗಳನ್ನು ಬರೆದದ್ದು ಇವನೇ. ಮಿಸ್ ಮತ್ತು ಲ್ಯೂಟೀನ್ ಅನ್ನುವ ಎರಡು ನಾಯಿಗಳ 1729ರ ಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇದೇ ಮನುಷ್ಯ ಸ್ಟಿಲ್ ಲೈಫ್ ಕೂಡ ಬರೆಯುತ್ತಿದ್ದ. ಅಂದರೆ ನಿಮ್ಮಿಬ್ಬರ ಕಸುಬೇ ಅವನದೂ.

ಅವನು 1749ರಲ್ಲಿ ಪ್ಯಾರಿಸ್ಸಿನ ಕಲಾ ಅಕಾಡೆಮಿಯಲ್ಲಿ ಒಂದು ಉಪನ್ಯಾಸ ಕೊಟ್ಟ. ತನ್ನ ಗುರು ಲಾರ್ಜಿಲ್ಯೇರ್ ಬಣ್ಣ ಕಲಿಸಿದ ಬಗೆಯನ್ನು ಅದರಲ್ಲಿ ನೆನೆಸಿಕೊಂಡಿದ್ದಾನೆ. ಬರೆಯಲಿಕ್ಕೆ ಒಂದು ಗೊಂಚಲು ಹೂ ತೆಗೆದುಕೊಂಡು ಬಾ ಅಂತ ಗುರು ಕಳಿಸಿದರಂತೆ. ಶಿಷ್ಯ ಉತ್ಸಾಹದಿಂದ ಎಲ್ಲ ಬಣ್ಣದ ಹೂ ತಂದ. ಗುರು ವಾಪಸ್ ಕಳಿಸಿ, ಎಲ್ಲ ಬಿಳಿಯದೇ ತಾ ಅಂದರು. ಬಿಳಿ ಹೂಗಳನ್ನು ಒಟ್ಟಿಗೆ ಇಟ್ಟಾಗಲೇ ಒಂದೊಂದು ಬಿಳಿ ಬೇರೆ ಬೇರೆ ಅಂತ ಕಂಡದ್ದು. ಬಣ್ಣವನ್ನು ಒಂಟಿಯಾಗಿ ನೋಡಬಾರದು, ಪಕ್ಕದ್ದರ ಜೊತೆ ಹೋಲಿಸಿಯೇ ನೋಡಬೇಕು ಅನ್ನುವುದು ಪಾಠ.

ಆ ಪಾಠ ಫಲ ಕೊಟ್ಟದ್ದು 1753ರ ಬಿಳಿ ಬಾತುಕೋಳಿಯ ಚಿತ್ರದಲ್ಲಿ. ಬಿಳಿ ಗೋಡೆ, ಅದರ ಮೇಲೆ ತೂಗುಹಾಕಿದ ಬಿಳಿ ಬಾತು, ಬಿಳಿ ಬಟ್ಟೆ, ಮೇಣದ ಬತ್ತಿ, ಬೆಳ್ಳಿಯ ದೀಪದಕಂಬ, ಕೆನೆ ತುಂಬಿದ ಬಟ್ಟಲು, ಒಂದು ಚೂರು ಕಾಗದ. ಎಲ್ಲವೂ ಬಿಳಿ. ಆದರೂ ಯಾವುದು ಬಟ್ಟೆ, ಯಾವುದು ಗರಿ ಅಂತ ಒಂದು ಕ್ಷಣವೂ ಅನುಮಾನ ಬರುವುದಿಲ್ಲ. ಆ ಚಿತ್ರ 1990ರಲ್ಲಿ ಇಂಗ್ಲೆಂಡಿನ ಹೌಟನ್ ಹಾಲ್‌ನಿಂದ ಕಳುವಾಯಿತು. ಈಗ ಅಚ್ಚಾದ ಪ್ರತಿಗಳನ್ನು ನೋಡಿಯೇ ಕಲಿಯಬೇಕು, ಹೊಟ್ಟೆ ಉರಿಯುತ್ತದೆ.

ನನ್ನ ಸಲಹೆ ಇದು. ಪೊಮೇರಿಯನ್ ಶುರು ಮಾಡುವ ಮೊದಲು ಮೇಜಿನ ಮೇಲೆ ಬಿಳಿ ವಸ್ತುಗಳನ್ನಷ್ಟೇ ಇಡಿ. ಪಂಚೆ, ಪಿಂಗಾಣಿ ಬಟ್ಟಲು, ಸುಣ್ಣದ ಡಬ್ಬಿ, ಮಲ್ಲಿಗೆ. ಅವನ್ನು ಬರೆಯಿರಿ. ಆಮೇಲೆ ನಾಯಿಯ ಹತ್ತಿರ ಹೋಗಿ.

ಶಾಸನಪ್ರಿಯ (ಮಂಡ್ಯ)

ನಿಮ್ಮ ಗೆಳೆಯರಿಗೆ ಹೇಳಲು ನನ್ನ ಹತ್ತಿರ ಒಂದು ಉತ್ತರ ಇದೆ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲನ್ನು ತೋರಿಸಿ.

ಆತಕೂರು ನಮ್ಮ ಮದ್ದೂರು ತಾಲೂಕಿನ ಊರು. ಕಲ್ಲು 10ನೇ ಶತಮಾನದ ನಡುವಿನದು. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಕಡೆ ಗಂಗರ ಬೂತುಗ ಇದ್ದ. ಆ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೇರನಿಗೆ ಬೂತುಗ ಮೆಚ್ಚಿ, ಏನು ಬೇಕು ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು! ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದರು. ಭೂಮಿ ಬಿಟ್ಟರು. ಪೂಜಾರಿ ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿಯ ಪಾಪ ತಟ್ಟುತ್ತದೆ ಅಂತ ಬರೆಸಿದರು. ಕಲ್ಲಿನ ಮೇಲೆ ನಾಯಿ ಹಂದಿ ಸೆಣಸುವ ಚಿತ್ರ ಇದೆ.

ಸಾವಿರ ವರ್ಷದ ಹಿಂದೆ ನಮ್ಮ ಕಡೆ ಒಬ್ಬ ತನ್ನ ನಾಯಿಗೆ ಹೆಸರು ಹಾಕಿಸಿ ಚಿತ್ರ ಕೆತ್ತಿಸಿದ್ದಾನೆ. ಕೆತ್ತಿದವನ ಕೆಲಸ ನಿಜವಾದ ಕೆಲಸ ಅಲ್ವಾ?

ಕಪ್ಪುಮರಿಯಮನೆ (ಬೆಂಗಳೂರು)

ನಾನು ಕಲಾವಿದೆ ಅಲ್ಲ, ಚಿತ್ರ ಬರೆಸಿದವಳು. ಕಾಳಿಯ ಕಥೆ ಓದಿ ಕಣ್ಣು ತುಂಬಿ ಬಂತು. ನಮ್ಮ ಕಪ್ಪು ನಾಯಿ ಹೋದ ಮೇಲೆ ಒಬ್ಬರ ಹತ್ತಿರ ಚಿತ್ರ ಮಾಡಿಸಿದೆವು.

ಅವರು ಮೊದಲು ಫೋಟೋ ಕೇಳಲಿಲ್ಲ. ಅದು ಮನೆಯಲ್ಲಿ ಎಲ್ಲಿ ಮಲಗುತ್ತಿತ್ತು, ಯಾರ ಕಾಲ ಸದ್ದಿಗೆ ಕಿವಿ ಎತ್ತುತ್ತಿತ್ತು, ಯಾವ ಕಿವಿ ಮೊದಲು ಏಳುತ್ತಿತ್ತು ಅಂತ ಕೇಳಿದರು. ಎಡಗಿವಿ ಅರ್ಧ ಮಡಚಿಕೊಂಡೇ ಇರುತ್ತಿತ್ತು ಅಂತ ನನ್ನ ಮಗ ಹೇಳಿದ. ನಾವು ಕೊಟ್ಟ ಒಳ್ಳೆಯ ಫೋಟೋಗಳಲ್ಲಿ ಎರಡೂ ಕಿವಿ ನೆಟ್ಟಗಿದ್ದವು. ಚಿತ್ರದಲ್ಲಿ ಎಡಗಿವಿ ಮಡಚಿದೆ. ಅದಕ್ಕೇ ಅದು ನಮ್ಮ ನಾಯಿ.

ಇದನ್ನು ಮಾಡುವ ನಿಮಗೆಲ್ಲ ನಾನು ಕೈಮುಗಿಯುತ್ತೇನೆ. ದಯವಿಟ್ಟು ಸಣ್ಣ ಕೆಲಸ ಅಂದುಕೊಳ್ಳಬೇಡಿ.

ಕೋಡುಬರೆಯುವವ (ಸನ್ನಿವೇಲ್)

ಒಂದು ಪ್ರಶ್ನೆ, ಯಾರನ್ನೂ ನೋಯಿಸಲು ಅಲ್ಲ. ಈಗ ಫೋಟೋ ಹಾಕಿದರೆ ಕಂಪ್ಯೂಟರ್ ಕ್ಷಣದಲ್ಲಿ ಎಣ್ಣೆಬಣ್ಣದ ಥರ ಮಾಡಿಕೊಡುತ್ತದೆ. ಪ್ರಿಂಟ್ ಹಾಕಿಸಿದರೆ ಗೋಡೆಗೆ ಆಗುತ್ತದೆ. ಈ ಕಸುಬು ಎಷ್ಟು ದಿನ ಉಳಿಯುತ್ತದೆ?

ಬಣ್ಣದಪೆಟ್ಟಿಗೆ (ಮೈಸೂರು)

ಒಳ್ಳೆಯ ಪ್ರಶ್ನೆ. ಉತ್ತರ ನಿಮಗಿಂತ ಮೇಲೆ ಬರೆದವರ ಮಾತಿನಲ್ಲೇ ಇದೆ, ಆ ಮಡಚಿದ ಎಡಗಿವಿ. ಫೋಟೋದಲ್ಲಿ ಇಲ್ಲದ್ದನ್ನು ಮನೆಯವರ ಬಾಯಿಂದ ಕೇಳಿ ತಂದು ಕೂರಿಸುವುದು ನಮ್ಮ ಕೆಲಸ. ಫೋಟೋವನ್ನು ಇದ್ದ ಹಾಗೆ ಕ್ಯಾನ್ವಾಸಿಗೆ ಇಳಿಸುವವರ ಕೆಲಸವನ್ನು ಯಂತ್ರ ತೆಗೆದುಕೊಳ್ಳುತ್ತದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಅದಕ್ಕೇ ಸ್ಟಿಲ್ ಲೈಫ್ ಬಿಡಬೇಡಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು. ಎದುರಿಗಿದ್ದದ್ದನ್ನು ನೋಡಿ ಬರೆಯುವ ಅಭ್ಯಾಸ ಇರುವವರಿಗೆ, ಫೋಟೋದಲ್ಲಿ ನೆಟ್ಟಗಿರುವ ಕಿವಿಯನ್ನು ಮಡಚಿ ಬರೆಯುವ ಧೈರ್ಯ ಬರುತ್ತದೆ. ಮಡಚಿದ ಚರ್ಮದ ಕೆಳಗೆ ನೆರಳು ಎಲ್ಲಿ ಬೀಳುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಅದು ವೀಳ್ಯದೆಲೆಯ ಮಡಿಕೆಯಲ್ಲಿ ಕಲಿತದ್ದು.

ಇನ್ನೊಂದು ಮಾತು. ಸಾಧ್ಯವಾದರೆ ಬದುಕಿರುವ ಪ್ರಾಣಿಯನ್ನು ಹೋಗಿ ನೋಡಿ. ಫೋಟೋ ತೆಗೆಯುವುದಾದರೆ ನೆಲದ ಮೇಲೆ ಕೂತು ಅದರ ಕಣ್ಣಿನ ಮಟ್ಟದಿಂದ ತೆಗೆಯಿರಿ. ಫ್ಲ್ಯಾಶ್ ಬೇಡ, ಕಿಟಕಿಯ ಪಕ್ಕದ ಬೆಳಕು ಸಾಕು. ಸ್ವಲ್ಪ ದೂರ ನಿಂತು ಝೂಮ್ ಮಾಡಿದರೆ ಮೂತಿ ಊದುವುದಿಲ್ಲ. ಕಣ್ಣಿನಲ್ಲಿ ಹೊಳೆಯುವ ಚುಕ್ಕೆ ಯಾವ ಕಿಟಕಿಯದು ಅಂತ ನೋಡಿಕೊಳ್ಳಿ. ಮೇಲಿನ ರೆಪ್ಪೆ ಕಣ್ಣಗುಡ್ಡೆಯ ಮೇಲೆ ನೆರಳು ಹಾಕುತ್ತದೆ. ಆ ನೆರಳು ಬಿಟ್ಟರೆ ಕಣ್ಣು ದಿಟ್ಟಿಸಿದ ಹಾಗೆ ಕಾಣುತ್ತದೆ. ಬೆಕ್ಕಾದರೆ ಬಿಸಿಲಿನಲ್ಲಿ ಅದರ ಪಾಪೆ ಗೆರೆಯಾಗಿರುತ್ತದೆ, ಸಂಜೆ ಅಗಲವಾಗಿರುತ್ತದೆ. ಹಗಲ ಬೆಳಕಿನ ಚಿತ್ರಕ್ಕೆ ಸಂಜೆಯ ಫೋಟೋದ ಕಣ್ಣು ಹಾಕಿದರೆ ಮನೆಯವರಿಗೆ ಯಾಕೆ ಅಂತ ಹೇಳಲು ಬರದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಘಟಪ್ರಭಾ (ಬಾಗಲಕೋಟೆ)

ನಮ್ಮ ಕಡೆ ಮುಧೋಳ ನಾಯಿ ಬರೆಸುವವರು ಇದ್ದಾರೆ. 2005ರಲ್ಲಿ ಅಂಚೆ ಇಲಾಖೆ ದೇಶಿ ತಳಿಗಳ ಸ್ಟ್ಯಾಂಪ್ ತಂದಾಗ ಮುಧೋಳದ್ದೂ ಇತ್ತು, ನಮಗೆಲ್ಲ ಹೆಮ್ಮೆ. ಈ ನಾಯಿಯ ಕೂದಲು ಗಿಡ್ಡ, ಮೈ ತೆಳು. ಪಕ್ಕೆಲುಬು, ತೊಡೆಯ ಮಾಂಸ, ಮೊಣಕಾಲಿನ ನರ ಎಲ್ಲ ಎದ್ದು ಕಾಣುತ್ತದೆ. ಕೂದಲ ಹಿಂದೆ ಅಡಗಲು ಜಾಗ ಇಲ್ಲ. ಎಲುಬಿನ ಚೌಕಟ್ಟು ಗೊತ್ತಿಲ್ಲದೆ ಬರೆದರೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ.

ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್ ಕುದುರೆಗಳಿಗೆ ಮಾಡಿದ್ದು ಇದನ್ನೇ. ಸುಮಾರು 18 ತಿಂಗಳು ಒಂದು ಹಳ್ಳಿಯಲ್ಲಿ ಕೂತು ಸತ್ತ ಕುದುರೆಗಳನ್ನು ಪದರ ಪದರವಾಗಿ ಬಿಡಿಸಿ ಬರೆದುಕೊಂಡ. 1766ರಲ್ಲಿ ಅದನ್ನು ಪುಸ್ತಕ ಮಾಡಿದ. ಅವನ ವಿಸಲ್‌ಜಾಕೆಟ್ ಕುದುರೆಯ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಹತ್ತಿರಹತ್ತಿರ 3 ಮೀಟರ್ ಎತ್ತರ. ಹಿಂದೆ ಮರ ಇಲ್ಲ, ಬೆಟ್ಟ ಇಲ್ಲ, ಸವಾರನೂ ಇಲ್ಲ. ಬರೀ ಕುದುರೆ. ನಮಗೆ ಅಷ್ಟು ಬೇಕಿಲ್ಲ. ಊರಿನ ಪಶುವೈದ್ಯರ ಹತ್ತಿರ ನಾಯಿಯ ಅಸ್ಥಿಪಂಜರದ ಚಿತ್ರಪಟ ಇರುತ್ತದೆ. ಅದನ್ನು ನೋಡಿಕೊಂಡು ಬರೆಯಿರಿ.

ಮಟ್ಟುಗುಳ್ಳ (ಉಡುಪಿ)

ಸ್ಟಿಲ್ ಲೈಫ್ ಮಾರಾಟವಾಗಲ್ಲ ಅಂದಿರಿ. ನಮ್ಮಲ್ಲಿ ಆಗುತ್ತದೆ, ಆದರೆ ಜನ ತಮ್ಮದು ಅಂದುಕೊಳ್ಳುವ ವಸ್ತು ಇದ್ದರೆ. ನಾನು ನಮ್ಮ ಕಡೆಯ ಬದನೆ ಮಟ್ಟುಗುಳ್ಳ ಬರೆದಾಗ ಕೇಳಿಕೊಂಡು ಬಂದು ತೆಗೆದುಕೊಂಡರು. ಮೈಸೂರಿನವರಿಗೆ ನಂಜನಗೂಡು ರಸಬಾಳೆ ಇದೆ. ಬೀದರಿನ ಬಿದರಿ ಹೂಜಿ ಇಟ್ಟು ನೋಡಿ, ಕಪ್ಪು ಮೈ ಬೆಳಕು ನುಂಗುತ್ತದೆ, ಬೆಳ್ಳಿಯ ಬಳ್ಳಿ ಅದನ್ನು ಹಿಂದಕ್ಕೆ ಎಸೆಯುತ್ತದೆ. ಕಪ್ಪು ಲ್ಯಾಬ್ರಡಾರ್‌ಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಬಾಡುವುದನ್ನು ಮೊದಲು ಬರೆಯಿರಿ. ಹೂ, ಆಮೇಲೆ ಎಲೆ, ಆಮೇಲೆ ಹಣ್ಣು, ಕೊನೆಗೆ ಪಾತ್ರೆ.

ಕರಾವಳಿ, ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಎಣ್ಣೆಬಣ್ಣ ನೀರಿನ ಥರ ಆರಿ ಒಣಗುವುದಿಲ್ಲ, ಎಣ್ಣೆ ಗಾಳಿಯ ಜೊತೆ ಸೇರಿ ಗಟ್ಟಿಯಾಗುತ್ತದೆ. ಮಳೆಗಾಲದ ತೇವದಲ್ಲಿ ಅದು ನಿಧಾನ. ಹಾಗಾಗಿ ಗಣೇಶ ಹಬ್ಬಕ್ಕೆ ಬೇಕು ಅಂದವರಿಗೆ ಮಳೆ ಶುರುವಾಗುವ ಮೊದಲೇ ಆರ್ಡರ್ ಕೊಡಲು ಹೇಳಿಬಿಡಿ. ಪೇಸ್ಟಲ್, ಜಲವರ್ಣಕ್ಕೆ ಬೂಷ್ಟಿನ ಭಯ. ಗಾಜಿಗೆ ಕಾಗದ ತಾಗದ ಹಾಗೆ ಮೌಂಟ್ ಬೋರ್ಡ್ ಹಾಕಿಸಿ, ಹೊರಗೋಡೆಯ ಮೇಲೆ ತೂಗುಹಾಕಬೇಡಿ ಅಂತ ಗಿರಾಕಿಗೂ ಹೇಳಿ. ಟ್ಯೂಬಿನ ಹಿಂದೆ ಬಣ್ಣದ ಸಂಕೇತ ಓದುವುದನ್ನು ಅಭ್ಯಾಸ ಮಾಡಿಕೊಳ್ಳಿ. ಪಿ.ಆರ್. 83 ಅಂತ ಇದ್ದರೆ ಅದು ಹಳೆಯ ಅಲಿಜರಿನ್ ಕ್ರಿಮ್ಸನ್, ಬೆಳಕಿಗೆ ಮಾಸುತ್ತದೆ. ನಾಯಿಯ ನಾಲಿಗೆಗೆ ಅದನ್ನು ಹಾಕಿದರೆ ವರ್ಷಗಳು ಕಳೆದ ಹಾಗೆ ನಾಲಿಗೆ ಬಿಳುಚುತ್ತದೆ. ಪಿ.ವಿ. 19 ಇರುವ ಕ್ವಿನಾಕ್ರಿಡೋನ್ ತೆಗೆದುಕೊಳ್ಳಿ.

ಕರಿಕೋಟು (ಹುಬ್ಬಳ್ಳಿ)

ಕಾನೂನಿನ ಕಡೆಯಿಂದ ಒಂದು ಮಾತು, ಬಹಳ ಕಲಾವಿದರಿಗೆ ಗೊತ್ತಿರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ತಮಗಾಗಿ ಪೋರ್ಟ್ರೇಟ್ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಕಾಪಿರೈಟ್‌ನ ಮೊದಲ ಒಡೆಯರು ಬರೆಸಿದವರು. ಬರೆದವರು ಅಲ್ಲ. ಅಂದರೆ ಆ ನಾಯಿಯ ಚಿತ್ರವನ್ನು ನೀವು ಆಮೇಲೆ ಕ್ಯಾಲೆಂಡರ್, ಮಗ್, ಪ್ರಿಂಟ್ ಮಾಡಿ ಮಾರಬೇಕಾದರೆ ಮೊದಲೇ ಬರಹದಲ್ಲಿ ಒಪ್ಪಿಸಿಕೊಂಡಿರಬೇಕು. ಆರ್ಡರ್ ತೆಗೆದುಕೊಳ್ಳುವಾಗಲೇ ಒಂದು ಸಣ್ಣ ಪತ್ರಕ್ಕೆ ಸಹಿ ಹಾಕಿಸಿ. ಹಾಗಂತ ನಿಮ್ಮ ಹೆಸರು ಅಳಿಸಿ ಬೇರೆಯವರ ಹೆಸರು ಹಾಕಲು ಅವರಿಗೆ ಹಕ್ಕಿಲ್ಲ. 57ನೇ ಕಲಂ ಅದನ್ನು ಕಾಯುತ್ತದೆ.

ಸ್ಟಿಲ್ ಲೈಫ್‌ನಲ್ಲಿ ಈ ತಂಟೆ ಇಲ್ಲ. ನಿಮ್ಮಿಷ್ಟಕ್ಕೆ ಬರೆದ ಚೊಂಬು ಪೂರ್ತಿ ನಿಮ್ಮದು. ಫೋಟೋ ಮಾತ್ರ ಜೋಪಾನ. ಇಂಟರ್ನೆಟ್‌ನಲ್ಲಿ ಸಿಕ್ಕ ಇನ್ನೊಬ್ಬರ ಫೋಟೋ ನೋಡಿ ಬರೆದು ಮಾರಲು ಅವರ ಒಪ್ಪಿಗೆ ಬೇಕು.

ತುಂಗೆದಂಡೆ (ಶಿವಮೊಗ್ಗ)

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಕಾಪಿರೈಟ್ ವಿಷಯ ನನಗೆ ಗೊತ್ತೇ ಇರಲಿಲ್ಲ, ಬಹುಶಃ ಇಲ್ಲಿ ಓದುತ್ತಿರುವ ಎಷ್ಟೋ ಜನರಿಗೂ.

ಬೆಲೆ ಹೇಗೆ ಹೇಳುತ್ತೀರಿ ಅಂತಲೂ ಹೇಳಿ. "ಸುಮ್ನೆ ಒಂದು ನಾಯಿ ತಾನೆ" ಅಂತ ಚೌಕಾಸಿ ಮಾಡುತ್ತಾರೆ.

ಬಣ್ಣದಪೆಟ್ಟಿಗೆ (ಮೈಸೂರು)

ಅಳತೆಗೆ ತಕ್ಕ ಬೆಲೆ ಪಟ್ಟಿ ಮಾಡಿ, ಕೇಳಿದವರಿಗೆಲ್ಲ ಅದೇ ಪಟ್ಟಿ ಕಳಿಸಿ. ಎದುರಿಗಿರುವವರ ಕಾರು ನೋಡಿ ಬೆಲೆ ಹೇಳಬೇಡಿ. ಚೌಕಟ್ಟು, ಕೊರಿಯರ್ ಬೇರೆ. ಒಂದೇ ಚಿತ್ರದಲ್ಲಿ ಎರಡನೇ ಪ್ರಾಣಿ ಬಂದರೆ ಬೆಲೆ ಏರುತ್ತದೆ ಅಂತ ಬರೆದಿಡಿ. ನಾನು ಅರ್ಧ ದುಡ್ಡು ಮುಂಗಡ ಬರದೆ ಕ್ಯಾನ್ವಾಸ್ ಬಿಚ್ಚುವುದಿಲ್ಲ. ಪೆನ್ಸಿಲ್ ಸ್ಕೆಚ್ ತೋರಿಸಿ ಒಪ್ಪಿಗೆ ತೆಗೆದುಕೊಳ್ಳುತ್ತೇನೆ, ಕಿವಿ, ಕುತ್ತಿಗೆ ಪಟ್ಟಿ, ಗಾಯದ ಗುರುತು ಎಲ್ಲ ಆಗಲೇ ಮಾತಾಡಿ ಮುಗಿಸುತ್ತೇನೆ. ಬಣ್ಣ ಅರ್ಧ ಆದಾಗ ತೋರಿಸುವುದಿಲ್ಲ. ಆಗ ಯಾವ ಚಿತ್ರವೂ ಚೆನ್ನಾಗಿರುವುದಿಲ್ಲ, ಮನೆಯವರು ಸುಮ್ಮನೆ ಗಾಬರಿಯಾಗುತ್ತಾರೆ.

ಪ್ರಾಣಿ ತೀರಿಹೋದ ವಾರದಲ್ಲೇ ಕೆಲವರು ಫೋನ್ ಮಾಡುತ್ತಾರೆ. ಆಗ ಬೆಲೆ ಮಾತಾಡಬೇಡಿ. ಅವರ ಮಾತು ಕೇಳಿಸಿಕೊಳ್ಳಿ, ಫೋಟೋಗಳನ್ನು ಒಂದು ಕಡೆ ಕೂಡಿಡಲು ಹೇಳಿ, ಕೆಲವು ದಿನ ಬಿಟ್ಟು ಮತ್ತೆ ಮಾತಾಡೋಣ ಅನ್ನಿ. ದುಃಖದ ಬಿಸಿಯಲ್ಲಿ ಕೊಟ್ಟ ಆರ್ಡರ್ ಅವರಿಗೂ ಕಷ್ಟ, ನಿಮಗೂ ಕಷ್ಟ.

ಡ್ರಾಯಿಂಗ್‌ಮೇಷ್ಟ್ರು (ಧಾರವಾಡ)

ಗೆಳೆಯರ ಪ್ರಶ್ನೆಗೆ ಇನ್ನೊಂದು ಸಾಕ್ಷಿ ಸೇರಿಸುತ್ತೇನೆ. 17ನೇ ಶತಮಾನದ ಫ್ರೆಂಚ್ ಅಕಾಡೆಮಿ ಚಿತ್ರಗಳಿಗೆ ಮೇಲು ಕೀಳು ಕಟ್ಟಿತ್ತು. ಪುರಾಣ, ಚರಿತ್ರೆ ಎಲ್ಲಕ್ಕಿಂತ ಮೇಲೆ. ಹಣ್ಣು, ಹೂ ಎಲ್ಲಕ್ಕಿಂತ ಕೆಳಗೆ. ಅದೇ ಅಕಾಡೆಮಿ 1728ರಲ್ಲಿ ಶಾರ್ದಾನನನ್ನು ಪ್ರಾಣಿ ಮತ್ತು ಹಣ್ಣುಗಳ ಚಿತ್ರಕಾರ ಅಂತಲೇ ಸದಸ್ಯ ಮಾಡಿಕೊಂಡಿತು. ಆಗ ಅವನು ಕೊಟ್ಟ ಮೀನಿನ ಚಿತ್ರ ಇವತ್ತು ಲೂವ್ರ್‌ನಲ್ಲಿದೆ, ಅದರಲ್ಲಿ ಬೆನ್ನು ಕಮಾನಿನಂತೆ ಬಾಗಿಸಿದ ಒಂದು ಬೆಕ್ಕಿನ ಮರಿಯೂ ಇದೆ.

ನಮ್ಮಲ್ಲಿ ಜಹಾಂಗೀರನ ಆಸ್ಥಾನದಲ್ಲಿ ಉಸ್ತಾದ್ ಮನ್ಸೂರ್ ಅನ್ನುವ ಚಿತ್ರಕಾರ ಇದ್ದ. 1612ರಲ್ಲಿ ಗೋವಾದಿಂದ ಟರ್ಕಿ ಕೋಳಿ ಬಂದಾಗ, 1621ರಲ್ಲಿ ಜೀಬ್ರಾ ಬಂದಾಗ ದೊರೆ ಬರೆಸಿದ. ಜೀಬ್ರಾ ನೋಡಿದ ಜನ ಯಾರೋ ಪಟ್ಟೆ ಬಳಿದಿದ್ದಾರೆ ಅಂದುಕೊಂಡರಂತೆ. ಮನ್ಸೂರನ ಚಿತ್ರದಲ್ಲಿ ಪ್ರತಿ ಪಟ್ಟೆಯೂ ಮೈಯ ಉಬ್ಬನ್ನು ಹಿಡಿದು ತಿರುಗುತ್ತದೆ.

ತುಂಗೆದಂಡೆ (ಶಿವಮೊಗ್ಗ)

ನಿರ್ಧಾರ ಆಯಿತು. ಬೆಳಗಿನ ಹೊತ್ತು ಮತ್ತೆ ಮೇಜಿನದು, ಮಧ್ಯಾಹ್ನದಿಂದ ಆರ್ಡರ್. ಪೊಮೇರಿಯನ್ ಮನೆಯವರಿಗೆ ಫೋನ್ ಮಾಡಿದೆ. ಭಾನುವಾರ ನಾಯಿಯನ್ನು ಕರೆದುಕೊಂಡು ಬರುತ್ತಾರಂತೆ, ಕಿಟಕಿ ಹತ್ತಿರ ಕೂರಿಸಿ ನೋಡುತ್ತೇನೆ. ಅಷ್ಟರೊಳಗೆ ಮೇಷ್ಟ್ರು ಹೇಳಿದ ಬಿಳಿ ವಸ್ತುಗಳನ್ನು ಮುಗಿಸಬೇಕು. ಪಂಚೆ, ಬಟ್ಟಲು, ಸುಣ್ಣದ ಡಬ್ಬಿ ಇಟ್ಟಿದ್ದೇನೆ. ಮಲ್ಲಿಗೆ ಸಿಗಲಿಲ್ಲ, ನಂದಿಬಟ್ಟಲು ಆಗಬಹುದಾ ಸರ್?

ಡ್ರಾಯಿಂಗ್‌ಮೇಷ್ಟ್ರು (ಧಾರವಾಡ)

ಧಾರಾಳವಾಗಿ. ಒಂದು ಮೊಟ್ಟೆಯನ್ನೂ ಇಡಿ, ಅದಕ್ಕೆ ನೇರ ಗೆರೆ ಎಲ್ಲೂ ಇಲ್ಲ. ಹಿಂದೆ ಬೂದು ಬಟ್ಟೆ ಬೇಡ, ಬಿಳಿ ಗೋಡೆಯೇ ಇರಲಿ. ಮುಗಿದ ಮೇಲೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.